ಹಿತ್ತಲಿನಲ್ಲಿ ಪೇವರ್ ಹಾಸುವ ಮೊದಲು
ಹಿತ್ತಲಿನ 4 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗಕ್ಕೆ ಪೇವರ್ ಹಾಸಲು ತೀರ್ಮಾನಿಸಿದ ಮೇಲೆ, ಬಣ್ಣ ಆರಿಸುವುದಕ್ಕೂ ಮೊದಲು ನಾನು ನೆಲದೊಳಗಿನ ಪದರಗಳ ಲೆಕ್ಕ ಹಾಕಿದೆ. 60 ಮಿಲಿಮೀಟರ್ ದಪ್ಪದ ಪೇವರ್, ಅದರಡಿ 25 ಮಿಲಿಮೀಟರ್ ಮರಳು, ಅದಕ್ಕೂ ಕೆಳಗೆ ದಮ್ಮಸು ಮಾಡಿದ 100 ಮಿಲಿಮೀಟರ್ ಜಲ್ಲಿ ಸೇರಿದರೆ 185 ಮಿಲಿಮೀಟರ್ ಆಳಕ್ಕೆ ಅಗೆಯಬೇಕು. ಜೇಡಿಮಣ್ಣಾದರೆ ಜಲ್ಲಿ ಇನ್ನೂ ದಪ್ಪವಿರಬೇಕು. ಲೆಕ್ಕದಲ್ಲಿ 1.2 ಘನ ಮೀಟರ್ ಜಲ್ಲಿ ಸಾಕೆನಿಸಿದರೂ, ದಮ್ಮಸಿನಿಂದ ಅದು ಕುಗ್ಗುವುದರಿಂದ ಸುಮಾರು ಐದನೇ ಒಂದು ಪಾಲು ಹೆಚ್ಚಿಗೆ ತರಿಸುವುದು ಒಳ್ಳೆಯದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇಳಿಜಾರು. ಮನೆಯ ಗೋಡೆಯಿಂದ ಹೊರಕ್ಕೆ ಮೀಟರಿಗೆ 20 ಮಿಲಿಮೀಟರಿನಂತೆ ನೆಲ ತಗ್ಗುತ್ತಾ ಹೋಗಬೇಕು, ಅದನ್ನು ಅಗೆಯುವಾಗಲೇ ಕೊಡಬೇಕು. ಮರಳಿನಲ್ಲಿ ಸರಿದೂಗಿಸಹೊರಟರೆ ಮರಳು ದಪ್ಪವಾದ ಕಡೆ ಪೇವರ್ ಕುಸಿಯುತ್ತದೆ. ಅಂಚನ್ನು ಭದ್ರಪಡಿಸಿದ ಬಳಿಕವೇ ಸಂದುಗಳಿಗೆ ಒಣಮರಳು ತುಂಬಬೇಕು.