ಕಹಿ ಇಲ್ಲದ ಮಾರ್ಮಲೇಡ್ ನನಗೆ ಬೇಡ

ಮಾರ್ಮಲೇಡ್ ಅಂದರೆ ಕಿತ್ತಳೆಯನ್ನು ಸಿಪ್ಪೆ ಸಮೇತ ಸಕ್ಕರೆಯಲ್ಲಿ ಕುದಿಸಿದ ಪಾಕ; ನಮ್ಮ ಮನೆಯಲ್ಲಿ ಅದರ ಬಾಟಲಿಗೆ ಕೈ ಹಾಕುವವಳು ನಾನೊಬ್ಬಳೇ. ಉಳಿದವರ ಪಾಲಿಗೆ ಅದು ಕೆಟ್ಟುಹೋದ ಜಾಮ್. ಸಿಹಿ ತಿನ್ನಲು ಕೂತವರಿಗೆ ಕಹಿಯ ಹಂಗು ಯಾಕೆ ಅನ್ನುತ್ತಾರೆ. ನನಗೆ ಬೇಕಾದದ್ದೇ ಆ ಕಹಿ. ಸಿಹಿ ಕಿತ್ತಳೆಯಿಂದ ಮಾಡಿದ್ದು ಬರೀ ಸಕ್ಕರೆ ಪಾಕ.

ಹಳೆಯ ಕ್ರಮದ ಮಾರ್ಮಲೇಡಿಗೆ ಸೆವಿಲ್ ಕಿತ್ತಳೆಯೇ ಆಗಬೇಕು. ಸುಲಿದು ಬಾಯಿಗಿಟ್ಟರೆ ಮುಖ ಕಿವುಚಬೇಕು, ಅಷ್ಟು ಹುಳಿ, ಅಷ್ಟು ಕಹಿ, ಮೇಲೆ ಬಾಯಿ ತುಂಬ ಬೀಜ. ಆದರೆ ಪಾಕವನ್ನು ಗಟ್ಟಿ ಮಾಡುವ ಪೆಕ್ಟಿನ್ ಇರುವುದೇ ಆ ಬೀಜಗಳಲ್ಲಿ, ಸಿಪ್ಪೆಯೊಳಗಿನ ಬಿಳಿ ಪದರದಲ್ಲಿ. ಎರಡನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಹೆಚ್ಚಿದ ಸಿಪ್ಪೆಯ ಜೊತೆ ಬೇಯಿಸಿ, ಚೆನ್ನಾಗಿ ಹಿಂಡಬೇಕು. ಸಿಪ್ಪೆ ಬೆರಳಿಗೆ ಮೆತ್ತಗೆ ಸಿಗುವ ತನಕ ಸಕ್ಕರೆ ಮುಟ್ಟಬೇಡಿ. ಸಕ್ಕರೆ ಬಿದ್ದ ಮೇಲೆ ಅದು ಇನ್ನು ಬೇಯುವುದಿಲ್ಲ, ರಬ್ಬರಿನಂತೆ ಉಳಿದುಬಿಡುತ್ತದೆ. ಪಾಕ 104–105 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹದ ಬಂತು. ಥರ್ಮಾಮೀಟರ್ ಇಲ್ಲವೇ? ಫ್ರೀಜರಿನಲ್ಲಿಟ್ಟ ತಟ್ಟೆಗೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಿಂದ ತಳ್ಳಿ; ಸುಕ್ಕುಗಟ್ಟಿದರೆ ಒಲೆ ಆರಿಸಿ.

(ಸ್ಕಾಟ್ಲೆಂಡಿನ ಡಂಡಿಯಲ್ಲಿ ಜಾನೆಟ್ ಕೀಲರ್ ಎಂಬಾಕೆ ಇದನ್ನು ಕಂಡುಹಿಡಿದಳು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಆದರೆ ಆಕೆಗಿಂತ ಮೊದಲೇ, 17ನೇ ಶತಮಾನದ ಇಂಗ್ಲಿಷ್ ಪಾಕವಿಧಾನಗಳಲ್ಲೇ ಕಿತ್ತಳೆ ಮಾರ್ಮಲೇಡ್ ಇತ್ತು. ಕೀಲರ್ ಮನೆತನದ ಹೆಚ್ಚುಗಾರಿಕೆ ಅದನ್ನು ದೊಡ್ಡ ವ್ಯಾಪಾರ ಮಾಡಿದ್ದರಲ್ಲಿದೆ.)

ಬೆಳಗಿನ ಟೋಸ್ಟಿಗೆ ನನ್ನದೊಂದೇ ಹಟ: ಬೆಣ್ಣೆ ಉಪ್ಪಿನದಾಗಿರಬೇಕು, ಟೋಸ್ಟ್ ತುಸು ಆರಿರಬೇಕು. ಬಿಸಿಯಲ್ಲೇ ಸವರಿದರೆ ಬೆಣ್ಣೆ ಕರಗಿ ಒಳಗಿಳಿದು, ಮೇಲೆ ಮಾರ್ಮಲೇಡ್ ಒಂದೇ ಉಳಿಯುತ್ತದೆ. ಉಪ್ಪು, ಕೊಬ್ಬು, ಕಹಿ ಮೂರೂ ಒಂದೇ ತುತ್ತಿನಲ್ಲಿ ಸಿಗಬೇಕಲ್ಲ!

ಅಡುಗೆಯಲ್ಲಿ ನಾನು ಇದನ್ನು ಜಾಮ್ ಅಂತ ನೋಡುವುದೇ ಇಲ್ಲ, ಮಸಾಲೆ ಡಬ್ಬಿಯ ಸಾಲಿಗೆ ಸೇರಿಸಿದ್ದೇನೆ. ಓವನ್ನಿನಲ್ಲಿ ಬೇಯುವ ಕ್ಯಾರೆಟ್ಟಿಗೆ, ಕೋಳಿಗೆ ಕೊನೆಯ ಹತ್ತು ನಿಮಿಷ ಇರುವಾಗ ಸವರುತ್ತೇನೆ. ಮೊದಲೇ ಸವರಿದರೆ ಸಕ್ಕರೆ ಕರಕಲಾಗುತ್ತದೆ. ಕೇಕಿನ ಮೇಲೆ ಹೊಳಪು ಬೇಕಿದ್ದರೆ ಒಂದು ಚಮಚ ನೀರು ಹಾಕಿ ಬಿಸಿ ಮಾಡಿ, ಸೋಸಿ, ಬ್ರಷ್ಷಿನಲ್ಲಿ ಹಚ್ಚಿದರಾಯಿತು. ಸೋಸಿ ಉಳಿದ ಸಿಪ್ಪೆ ಅಡುಗೆಯವಳ ಹಕ್ಕು. ಬಾಟಲಿಯ ತಳದಲ್ಲಿ ಅಂಟಿಕೊಂಡದ್ದಕ್ಕೆ ವಿನೆಗರ್, ಆಲಿವ್ ಎಣ್ಣೆ, ಚಿಟಿಕೆ ಉಪ್ಪು, ಅರ್ಧ ಚಮಚ ಸಾಸಿವೆ ಪೇಸ್ಟ್ ಹಾಕಿ, ಮುಚ್ಚಳ ಬಿಗಿದು ಕುಲುಕಿ. ಸಲಾಡಿಗೆ ಡ್ರೆಸ್ಸಿಂಗ್ ಸಿದ್ಧ, ಬಾಟಲಿ ತೊಳೆಯುವ ಕೆಲಸವೂ ಅರ್ಧ ಮುಗಿದಿರುತ್ತದೆ.