ಕೇಳುವವರೊಬ್ಬರು ಇದ್ದಾರೆಂಬ ಭರವಸೆ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿದ ಹೊತ್ತಿಗೆ ಎಷ್ಟೋ ದೇಶಗಳಲ್ಲಿ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚತೊಡಗಿದ್ದವು. ಪಾಠಗಳೇನೋ ಆನ್‌ಲೈನ್‌ನಲ್ಲಿ ಮುಂದುವರಿದವು. ಆದರೆ ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ಕಳೆಯುತ್ತಿದ್ದ ಹತ್ತು ನಿಮಿಷಕ್ಕೆ ಅಲ್ಲಿ ಜಾಗವಿರಲಿಲ್ಲ. "ನಿನಗೇನಾದರೂ ಅರ್ಥವಾಯಿತೇ?", "ಇಲ್ಲ ಮಾರಾಯ, ನನಗೂ ಆಗಲಿಲ್ಲ" ಎಂಬ ಎರಡು ಮಾತಿನಲ್ಲಿ ಎಷ್ಟು ಭಯ ಕರಗುತ್ತಿತ್ತು ಎಂಬುದು ಆ ಮಾತು ನಿಂತ ಮೇಲೆಯೇ ಪಾಠ ಮಾಡುವ ನನ್ನಂಥವರಿಗೆ ತಿಳಿದದ್ದು.

ಚೀನಾದ ವೈದ್ಯಕೀಯ ಕಾಲೇಜೊಂದರ 7,143 ವಿದ್ಯಾರ್ಥಿಗಳ ಮೇಲೆ 2020ರಲ್ಲೇ ನಡೆದ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳಿದ್ದವು. ಹೆಚ್ಚಿನವರದು ಸೌಮ್ಯ ಸ್ವರೂಪದ್ದು. ಸಾಮಾಜಿಕ ಬೆಂಬಲ ಹೆಚ್ಚಿದ್ದವರಲ್ಲಿ ಆತಂಕ ಕಡಿಮೆಯಿತ್ತು. ತಂದೆತಾಯಿಯ ಜೊತೆ ವಾಸ, ಮನೆಯ ಆದಾಯದ ಸ್ಥಿರತೆ ಇವೂ ರಕ್ಷಣೆಯಾಗಿ ಕಂಡವು. ಆದರೆ ಮನೆಯೆಂದರೆ ಎಲ್ಲರಿಗೂ ಆಸರೆಯೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಒಂದೇ ಕೋಣೆಯಲ್ಲಿ ಐದಾರು ಜನರಿರುವಾಗ, ಮೈಕ್ ಆನ್ ಮಾಡಿದರೆ ಮನೆಯ ಜಗಳ ಇಡೀ ತರಗತಿಗೆ ಕೇಳಿಸೀತೆಂದು ಹೆದರಿ ವರ್ಷವಿಡೀ ಮೌನವಾಗಿದ್ದವರೂ ಇದ್ದಾರೆ.

ಬೆಂಬಲವನ್ನು ಅಳೆಯಲು 1988ರಿಂದ ಬಳಕೆಯಲ್ಲಿರುವ ಹನ್ನೆರಡು ಹೇಳಿಕೆಗಳ ಪ್ರಶ್ನಾವಳಿಯೊಂದಿದೆ. ಮನೆಯವರು, ಸ್ನೇಹಿತರು, ಆಪ್ತರೊಬ್ಬರು ಎಂಬ ಮೂರು ನೆಲೆಗಳಲ್ಲಿ ಅದು ಕೇಳುವುದು ಸಿಕ್ಕ ಸಹಾಯದ ಲೆಕ್ಕವನ್ನಲ್ಲ, ಕಷ್ಟ ಬಂದರೆ ಇವರಿದ್ದಾರೆ ಎಂಬ ನಂಬಿಕೆಯನ್ನು. ಆತಂಕವೆಂದರೆ ಇನ್ನೂ ಆಗದಿರುವುದರ ಭಯವಾದ್ದರಿಂದ, ಇನ್ನೂ ಕೇಳದಿರುವ ಸಹಾಯ ಸಿಕ್ಕೇ ಸಿಗುತ್ತದೆಂಬ ಭರವಸೆಯೂ ಅದನ್ನು ತಗ್ಗಿಸಬಲ್ಲದು ಎಂದು ನನಗನ್ನಿಸುತ್ತದೆ. ಸಹಾಯವಾಣಿಯ ಸಂಖ್ಯೆಯುಳ್ಳ ಸುತ್ತೋಲೆ ಅಗತ್ಯವೇ ಹೌದು, ಆದರೆ ಆ ಭರವಸೆ ಹುಟ್ಟುವುದು ಪರಿಚಯದ ದನಿಯಿಂದ.

ಒಮ್ಮೆ ಆನ್‌ಲೈನ್ ತರಗತಿ ಮುಗಿದು ಎಲ್ಲರೂ ಹೊರಟ ಮೇಲೂ ಒಂದು ಹೆಸರು ಪರದೆಯ ಮೇಲೆ ಉಳಿದಿತ್ತು. ಕ್ಯಾಮೆರಾ, ಮೈಕ್ ಎರಡೂ ಆಫ್. ಚಾಟ್‌ನಲ್ಲಿ "ಸರ್, ಅಸೈನ್‌ಮೆಂಟ್ ಕೊನೆಯ ದಿನ ಯಾವಾಗ?" ಎಂಬ ಪ್ರಶ್ನೆ ಬಂತು, ದಿನಾಂಕವನ್ನು ನಾನು ಆಗಲೇ ಎರಡು ಬಾರಿ ಹೇಳಿದ್ದೆ. ಮತ್ತೊಮ್ಮೆ ತಿಳಿಸಿ, "ನಿದ್ದೆ ಸರಿಯಾಗಿ ಬರುತ್ತಿದೆಯೇನಪ್ಪಾ?" ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಬಳಿಕ ಮೈಕ್ ಆನ್ ಆಯಿತು. ತಂದೆಯ ಕೆಲಸ ಹೋಗಿತ್ತು, ಅದನ್ನು ಆತ ಗೆಳೆಯರ್ಯಾರಿಗೂ ಹೇಳಿರಲಿಲ್ಲ.

ಆತ ಮೊದಲ ವರ್ಷದವನು. ಹಿರಿಯ ವಿದ್ಯಾರ್ಥಿಗಳಿಗೆ ಹಳೆಯ ಸ್ನೇಹಗಳಾದರೂ ಇದ್ದವು. ಸಹಪಾಠಿಗಳ ಮುಖವನ್ನೇ ನೋಡದೆ ಸೇರಿದವರಿಗೆ ಫೋನ್ ಮಾಡಲು ಯಾರಿದ್ದರು? ಇಂಥ ಪರಿಸ್ಥಿತಿ ಮತ್ತೆ ಬಂದರೆ ಮೊದಲ ವಾರದಲ್ಲೇ ಐದಾರು ಹೊಸಬರಿಗೆ ಒಬ್ಬ ಸೀನಿಯರ್‌ನನ್ನು ಗೊತ್ತುಮಾಡಬೇಕು, ಅದೇ ಗುಂಪನ್ನು ಇಡೀ ಸೆಮಿಸ್ಟರ್ ಕದಲಿಸದೆ ಉಳಿಸಬೇಕು, ಪಠ್ಯದ ಮಾತಿಲ್ಲದ ಅರ್ಧ ಗಂಟೆಯನ್ನು ವೇಳಾಪಟ್ಟಿಯಲ್ಲೇ ಸೇರಿಸಬೇಕು.