ಬೆರಳ ತುದಿಯಷ್ಟು ಮುಲಾಮು

ಧಾರವಾಡ, 11 ಜನವರಿ 2025, ಶನಿವಾರ

ನಿನ್ನೆ ರಾತ್ರಿ ಎರಡು ಗಂಟೆಗೆ ಮಗಳ ಉಗುರಿನ ಸದ್ದಿಗೆ ಎಚ್ಚರವಾಯಿತು. ನಿದ್ದೆಗಣ್ಣಿನಲ್ಲೇ ಮೊಣಕೈ ಮಡಿಕೆಯನ್ನು ಕೆರೆದುಕೊಳ್ಳುತ್ತಿದ್ದಳು. ದೀಪ ಹಾಕಿದರೆ ದಿಂಬಿನ ಚೀಲದ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆಗಳು. ಮಳೆಗಾಲದಲ್ಲಿ ತಣ್ಣಗಿದ್ದ ಇಸುಬು ಈ ಒಣಗಾಳಿಗೆ ಮತ್ತೆ ಕೆರಳಿದೆ.

ಬೆಳಿಗ್ಗೆ ಚರ್ಮವೈದ್ಯರ ಬಳಿ ಹೋದೆವು. ಅಟೋಪಿಕ್ ಡರ್ಮಟೈಟಿಸ್ ಎಂಬ ಈ ಕಾಯಿಲೆ ರಕ್ತ ಕೆಟ್ಟಿದ್ದರಿಂದ ಬರುವುದೂ ಅಲ್ಲ, ಮುಟ್ಟಿದರೆ ಅಂಟುವುದೂ ಅಲ್ಲ ಎಂದು ಅವರು ಮತ್ತೊಮ್ಮೆ ಬಿಡಿಸಿ ಹೇಳಿದರು. ಚರ್ಮದ ಹೊರಪದರವನ್ನು ಬಿಗಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದವರಿಗೆ ಈ ಕಾಯಿಲೆಯ ಸಾಧ್ಯತೆ ಹೆಚ್ಚೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಗಾರೆ ಉದುರಿದ ಗೋಡೆಯಂತೆ ಅಂಥ ಚರ್ಮದಿಂದ ನೀರಿನಂಶ ಹೊರಗೆ ಹೋಗುತ್ತದೆ, ಧೂಳು, ಸಾಬೂನು, ರೋಗಾಣುಗಳು ಒಳಗೆ ನುಗ್ಗುತ್ತವೆ, ದೇಹದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳುತ್ತದೆ. ನನ್ನ ತಂದೆಯವರಿಗೆ ಉಬ್ಬಸವಿತ್ತು, ಪಾತ್ರೆ ತೊಳೆದ ದಿನ ನನ್ನ ಬೆರಳುಗಳು ಇಂದಿಗೂ ಬಿರಿಯುತ್ತವೆ. ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು.

ಅತ್ತೆಯವರು ನಂಜೆಂದು ಮಗುವಿಗೆ ವರ್ಷದಿಂದ ಬದನೆಕಾಯಿ ಕೊಟ್ಟಿಲ್ಲ. ಕೆಲವು ಮಕ್ಕಳಿಗೆ, ಅದರಲ್ಲೂ ಕೂಸುಗಳಿಗೆ, ಆಹಾರದ ಅಲರ್ಜಿ ಜೊತೆಗಿರುವುದು ನಿಜ. ಆದರೆ ಪರೀಕ್ಷಿಸದೆ ಊಹೆಯ ಮೇಲೆ ಒಂದೊಂದೇ ಪದಾರ್ಥ ಬಿಡಿಸುತ್ತ ಹೋದರೆ ಬೆಳೆಯುವ ಮಗು ಸೊರಗುತ್ತದೆ. ಈ ಸಂಕ್ರಾಂತಿಗೆ ಅವಳ ತಟ್ಟೆಗೂ ಎಣ್ಣೆಗಾಯಿ ಬಡಿಸುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ನನ್ನದೇ ತಪ್ಪು. ಹೋದ ವರ್ಷ ಔಷಧಿ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಟ್ಟ ಟ್ಯೂಬನ್ನು ತಂದು ಹಚ್ಚಿದ್ದೆ. ಉರಿಯೂತ ಇಳಿಸುವ ತೀಕ್ಷ್ಣ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಮುಲಾಮು ಅದು. ಎರಡೇ ದಿನಕ್ಕೆ ಮಾಯವಾದ ಕೆಂಪು, ನಿಲ್ಲಿಸಿದ ಕೂಡಲೇ ಇಮ್ಮಡಿಯಾಗಿ ಬಂತು. ಆಮೇಲೆ ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ, ವೈದ್ಯರು ಬರೆದ ಸೌಮ್ಯವಾದ ಮುಲಾಮನ್ನೂ ಉಪ್ಪಿನಕಾಯಿಯಂತೆ ತುಸುವೇ ಸವರಿದೆ. ಅದರಿಂದ ಉರಿಯೂತ ಆರಲಿಲ್ಲ, ಕೆರೆತ ನಿಲ್ಲಲಿಲ್ಲ.

ಇಂದು ವೈದ್ಯರು ನನ್ನ ತೋರುಬೆರಳು ಹಿಡಿದು, ಕೊನೆಯ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಒಂದು ಎಳೆ ಹಾಕಿದರು. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಅಳತೆ ಕಣ್ಣೆದುರು ಕಂಡ ಮೇಲೆ ನನ್ನ ಭಯ ಅರ್ಧ ಇಳಿಯಿತು. ರೆಪ್ಪೆ, ಕುತ್ತಿಗೆಗಳಲ್ಲೇ ಇಸುಬು ಕಾಣಿಸುವ ನನ್ನ ತಮ್ಮನಂಥ ದೊಡ್ಡವರಿಗೆ, ಅಲ್ಲಿನ ಚರ್ಮ ತೆಳುವಾದ್ದರಿಂದ, ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು ಕೊಡುತ್ತಾರಂತೆ. ಯಾವುದಕ್ಕೂ ಬಗ್ಗದ ತೀವ್ರ ಕಾಯಿಲೆಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ಪಡೆದ ಡುಪಿಲುಮಾಬ್ ಎಂಬ ಚುಚ್ಚುಮದ್ದೂ ಇದೆ, ಬೆಲೆ ಮಾತ್ರ ನಮ್ಮಂಥವರ ಕೈಗೆಟುಕುವಂಥದ್ದಲ್ಲ.

ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಐದೇ ನಿಮಿಷ ಮೀಯಿಸಿ, ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ತೇವ ಹಿಡಿದಿಡುವ ಕ್ರೀಮನ್ನು ಧಾರಾಳವಾಗಿ ಹಚ್ಚಿದೆ. ತುಸು ಹೊತ್ತಿನ ನಂತರ ಕೆಂಪಾದ ಕಡೆಗಷ್ಟೇ ಮುಲಾಮು. ಕೆಂಪು ಪೂರ್ತಿ ಆರಿದ ಮೇಲೂ ಪದೇ ಪದೇ ಕೆರಳುವ ಜಾಗಕ್ಕೆ ವಾರಕ್ಕೆ ಎರಡು ಬಾರಿ ಹಚ್ಚಬೇಕೆಂದು ಹೇಳಿದ್ದಾರೆ. ಕ್ಯಾಲೆಂಡರಿನಲ್ಲಿ ಫೆಬ್ರವರಿಯ ಬುಧವಾರ, ಭಾನುವಾರಗಳಿಗೆ ಅವಳೇ ಬಣ್ಣದ ಪೆನ್ಸಿಲಿನಿಂದ ಸುತ್ತು ಹಾಕಿ ಮಲಗಿದ್ದಾಳೆ.